ಎಡಗಡೆ ಸಾಲಿನ ಸಲಾಮು

ಭಾಲ್ಕಿಯ ನಮ್ಮ ಗಲ್ಲಿಯಲ್ಲಿ ಎರಡು ಸಾಲು ಮನೆಗಳಿವೆ. ಒಂದು ಸಾಲಿಗೆ ಕರೀಮ ಸಾಬರು ಸಲಾಮು ಹೇಳುತ್ತಿದ್ದರು, ಇನ್ನೊಂದಕ್ಕೆ ಹೇಳುತ್ತಿರಲಿಲ್ಲ. ನನ್ನ ಮನೆ ಇದ್ದದ್ದು ಹೇಳದ ಸಾಲಿನಲ್ಲಿ.

ಕರೀಮ ಸಾಬರು ಯಾರೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಅವರು ನೀರು ಬಿಡುವವರು. ಟಾಕಿಯಿಂದ ಬರುವ ದೊಡ್ಡ ಪೈಪು ಗಲ್ಲಿಗಲ್ಲಿಗೆ ಕವಲೊಡೆಯುವ ಕಡೆ ನೆಲದೊಳಗೆ ಒಂದೊಂದು ವಾಲ್ ಇರುತ್ತದೆ. ಅದನ್ನು ತಿರುಗಿಸಲು ಎದೆಯೆತ್ತರದ ಕಬ್ಬಿಣದ ಚಾವಿ ಬೇಕು. ಆ ಚಾವಿಯನ್ನು ಎಡಹೆಗಲ ಮೇಲೆ ಇಟ್ಟುಕೊಂಡು ಸಾಬರು ಬೆಳಗಿನ ಆರಕ್ಕೆ ಗಲ್ಲಿಯ ಬಾಯಲ್ಲಿ ಕಾಣಿಸಿಕೊಂಡರೆ ಕೊಡಗಳು ತಾವಾಗಿ ಹೊರಗೆ ಬರುತ್ತವೆ. ಇಪ್ಪತ್ತೆಂಟು ವರ್ಷದಿಂದ ಇದೇ ಕೆಲಸ. ಪುರಸಭೆಯ ದೊಡ್ಡ ಸಾಹೇಬರಿಗೆ ಬದಲಿಯಾದರೆ ನಮಗೆ ತಿಳಿಯುವುದು ವಾರದ ಮೇಲೆ. ಕರೀಮ ಸಾಬರಿಗೆ ನೆಗಡಿಯಾದರೆ ಅರ್ಧ ತಾಸಿನಲ್ಲಿ ಊರಿಗೆಲ್ಲ ಗೊತ್ತು. ಇದು ಅವರಿಗೂ ಗೊತ್ತಿತ್ತು ಎಂಬುದೇ ತೊಂದರೆ. ನಡೆಯುವಾಗ ಎದೆ ಒಂದು ಹೆಜ್ಜೆ ಮುಂದಿರುತ್ತಿತ್ತು, ಮನುಷ್ಯ ಹಿಂದೆ ಬರುತ್ತಿದ್ದರು.

ಅವರು ಗಲ್ಲಿಯ ಈ ಬಾಯಿಂದ ಬಂದು ಆ ತುದಿಯ ವಾಲ್ ತಿರುಗಿಸಿ, ಅಲ್ಲಿಂದಲೇ ಹಿಂದಿನ ಗಲ್ಲಿಗೆ ಹೊರಟುಬಿಡುತ್ತಾರೆ. ಹೀಗಾಗಿ ನಮ್ಮ ಸಾಲು ಅವರಿಗೆ ಯಾವಾಗಲೂ ಎಡಗಡೆ. ಹೋದ ದೀಪಾವಳಿಯ ಆಸುಪಾಸಿನಿಂದ ನಮ್ಮ ಸಾಲಿನ ಯಾರ ನಮಸ್ಕಾರಕ್ಕೂ ಅವರು ತಿರುಗಿ ನೋಡದಾದರು. ಬಲಗಡೆಯವರಿಗೆ ಮಾತ್ರ, "ಸಲಾಮ್, ಸಲಾಮ್, ಅರಾಮ್ ಅದೀರೇನು?" ಎಂದು ಎಂದಿನ ಉಪಚಾರ ನಡೆದೇ ಇತ್ತು.

ನಾನು ಹೈಸ್ಕೂಲು ಮಾಸ್ತರ. ಸತತ ಮೂರು ದಿನ ನಮಸ್ಕಾರ ಹಾಕಿ ಉತ್ತರ ಬಾರದಿದ್ದಾಗ ನಾಲ್ಕನೆಯ ದಿನದಿಂದ ಸಾಬರು ಬರುವ ಹೊತ್ತಿಗೆ ಸರಿಯಾಗಿ ಪೇಪರು ಬಿಚ್ಚಿ ಮುಖಕ್ಕೆ ಅಡ್ಡ ಹಿಡಿಯತೊಡಗಿದೆ. ಎರಡು ತಿಂಗಳು ಪೇಪರಿನ ಹಿಂದೆ ಕೂತು ಅವರನ್ನು ಅವಮಾನಿಸಿದೆ. ಅದು ಅವರಿಗೆ ಕಾಣಿಸಿಯೇ ಇರಲಿಲ್ಲ ಎಂದು ಆಮೇಲೆ ತಿಳಿದಾಗ, ಪಾಪ ಎನ್ನಿಸುವುದಕ್ಕಿಂತ ಮೊದಲು, ಅಷ್ಟೂ ದಿನದ ಶ್ರಮ ನೀರಿಗೆ ಹೋಯಿತಲ್ಲ ಎಂದು ಬೇಜಾರಾಯಿತು.

ಪಕ್ಕದ ಮನೆಯ ದಾನಮ್ಮನದು ಬೇರೆ ಲೆಕ್ಕಾಚಾರ. "ಹ್ವಾದ ಬ್ಯಾಸಿಗ್ಯಾಗ ನೀರು ಸಣ್ಣಗ ಬಂದಾಗ ನಾನೇ ಬಾಯಿ ಮಾಡಿದ್ದೆರಿ ಮಾಸ್ತರ್. ಅದನ್ನ ಹೊಟ್ಟ್ಯಾಗ ಇಟ್ಟುಕೊಂಡಾರ. ನನ್ನ ಸಲುವಾಗಿ ಇಡೀ ಸಾಲಿಗಿ ಶಿಕ್ಷಾ," ಎಂದಳು. ಅವಳೇ ಸಂಧಾನಕ್ಕೂ ಇಳಿದಳು. ಒಂದು ಬೆಳಿಗ್ಗೆ ಶುಂಠಿ ಹಾಕಿದ ಚಹಾವನ್ನು ಕಪ್ಪು-ಬಸಿಯಲ್ಲಿ ಹಿಡಿದು ದಾರಿಯಂಚಿನಲ್ಲಿ ನಿಂತಳು. ಸಾಬರು ಬಂದರು, ನೋಡಲಿಲ್ಲ, ನಿಲ್ಲಲೂ ಇಲ್ಲ. ಹೆಗಲ ಮೇಲಿನ ಚಾವಿಯ ಹಿಡಿ ಕಪ್ಪಿಗೆ ಬಡಿದು ಚಹಾ ಚರಂಡಿ ಸೇರಿತು.

"ಯಾರವ್ವ ದಾರ್ಯಾಗ ಕಪ್ ಹಿಡಿದು ನಿಂತಾರ? ಮಂದಿ ಓಡಾಡೋ ಜಾಗಾ ಅಲ್ಲೇನು ಇದು?" ಎಂದು ಸಾಬರು ಗದರಿಸಿದರು.

ನಮ್ಮ ಸಾಲು ಅಂದಿನಿಂದ ಕರೀಮ ಸಾಬರಿಗೆ ವಿರೋಧಪಕ್ಷವಾಯಿತು.

ನಿಜ ಸಂಗತಿ ಹೊರಬಿದ್ದದ್ದು ಔರಾದಿನಲ್ಲಿ. ಸಾಬರ ಮಗಳು ಜೇಬಾಳನ್ನು ಅಲ್ಲಿಗೆ ಕೊಟ್ಟಿದ್ದಾರೆ. ಇಲ್ಲಿಂದ ಮುಂದಿನದನ್ನೆಲ್ಲ ನಾನು ಸಾಬರ ಹೆಂಡತಿ ಮರಿಯಮಬೀಯ ಬಾಯಿಂದ ಕೇಳಿದ್ದು. ಸಾಬರ ಬಾಯಿಂದ ಕೇಳಿದ್ದರೆ ಇನ್ನೂ ನಾಲ್ಕು ಪುಟ ಹೆಚ್ಚಾಗುತ್ತಿತ್ತು.

ಮಗಳ ಮನೆಗೆ ಗಂಡ-ಹೆಂಡತಿ ಹೋಗಿದ್ದರು. ಊಟಕ್ಕೆ ಕೂತಾಗ ಸಾಬರ ಎಡಗೈ ತಗಲಿ ನೀರಿನ ಗ್ಲಾಸು ಉರುಳಿತು. ಜೇಬಾ ಒರೆಸಿ ಮತ್ತೆ ಇಟ್ಟಳು. ಮತ್ತೆ ಉರುಳಿತು. ಮೂರನೆಯ ಸಲ ಉರುಳಿದಾಗ ಅವಳಿಗೆ ಅನುಮಾನ ಬಂತು.

"ಅಬ್ಬಾಜಾನ್, ಗ್ಲಾಸ್ ಕಾಣಸಲ್ಲೇನು ನಿಮಗ?"

"ಗ್ಲಾಸ್ ಇಡೋ ಜಾಗನೇ ಅದಲ್ಲ ಬೇಟಿ. ಭಾಲ್ಕಿ ಒಳಗ ಗ್ಲಾಸ್ ಬಲಕ ಇಡ್ತಾರ."

ಮರುದಿನ ಔರಾದಿನಲ್ಲೇ ಒಂದು ಕಣ್ಣಿನ ಶಿಬಿರ ಇತ್ತು. ಬರೀ ಚಸ್ಮದ ನಂಬರು ನೋಡಿಸೋಣ ಎಂದು ಪುಸಲಾಯಿಸಿ ಜೇಬಾ ತಂದೆಯನ್ನು ಕರೆದುಕೊಂಡು ಹೋದಳು. ಅಲ್ಲಿದ್ದವರು ನಂಬರಿನ ಮಾತೇ ಎತ್ತಲಿಲ್ಲ. ಎಡಗಣ್ಣನ್ನು ಎರಡೆರಡು ಸಲ ನೋಡಿ, ತಡಮಾಡದೆ ಬೀದರಕ್ಕೆ ಹೋಗಿ ದೊಡ್ಡ ಡಾಕ್ಟರರಿಗೆ ತೋರಿಸಿರಿ ಎಂದು ಚೀಟಿ ಬರೆದುಕೊಟ್ಟರು.

ಬೀದರದ ಕಣ್ಣಿನ ಡಾಕ್ಟರು ಪ್ರಣಾಲಿ, ಕಮಲನಗರದ ಕಡೆಯ ಹೆಣ್ಣುಮಗಳು. ಸಣ್ಣ ವಯಸ್ಸು, ಸಮಾಧಾನದ ಮಾತು. ಯಂತ್ರಕ್ಕೆ ಗದ್ದ ಕೊಡಿಸಿ ನೋಡಿ, "ಚಾಚಾ, ನಿಮ್ಮ ಎಡಗಣ್ಣಿನಾಗ ಪ್ರೆಶರ್ ಜಾಸ್ತಿ ಅದ. ಇಪ್ಪತ್ತೊಂಬತ್ತು," ಎಂದರು.

ಸಾಬರ ಮುಖ ಅರಳಿತು. ಇಪ್ಪತ್ತೆಂಟು ವರ್ಷ ಕಂಡಕಂಡವರೆಲ್ಲ ನಳದಲ್ಲಿ ಪ್ರೆಶರ್ ಕಡಿಮೆ ಎಂದು ಅವರನ್ನು ಬೈದಿದ್ದರು. ಜಾಸ್ತಿ ಎಂದವರು ಇವರೇ ಮೊದಲು.

"ಪ್ರೆಶರ್ ಅಂದ್ರ ನನಗ ಕೇಳ್ರಿ ಡಾಕ್ಟರ್ ಬಾಯಿ," ಎಂದು ಹೆಬ್ಬೆರಳು ಎತ್ತಿ ತೋರಿಸಿದರು. "ನಳದ ಬಾಯಿಗಿ ಇದನ್ನ ಹಚ್ಚಿದ್ರ ಸಾಕು, ಟಾಕಿಯಾಗ ಎಷ್ಟು ನೀರದ ಹೇಳ್ತೇನಿ." ಎನ್ನುತ್ತಲೇ ಬೆರಳು ಕಣ್ಣುರೆಪ್ಪೆಯ ಮೇಲೆ ಹೋಗಿತ್ತು.

"ಒತ್ತಬ್ಯಾಡ್ರಿ, ಒತ್ತಬ್ಯಾಡ್ರಿ!" ಎಂದು ಡಾಕ್ಟರು ಕೈ ಹಿಡಿದರು. ಆಮೇಲೆ ಕಾಗದದ ಮೇಲೆ ಒಂದು ಕಣ್ಣು ಬರೆದು ತಿಳಿಸಿ ಹೇಳಿದರು. "ಕಣ್ಣಿನ ಒಳಗ ಒಂದು ನೀರು ಹುಟ್ತದರಿ. ಕಣ್ಣೀರಲ್ಲ, ಅದು ಹೊರಗಿಂದು, ಬ್ಯಾರೆ. ಈ ಒಳಗಿನ ನೀರು ಕಣ್ಣಿನ ಕಪ್ಪು ಪಾಪಿ ಹಿಂದ ಹುಟ್ಟಿ ಮುಂದ ಬರ್ತದ. ಇಲ್ಲಿ ಅಂಚಿನಾಗ ಒಂದು ಜಾಳಿಗಿ ಅದ ನೋಡ್ರಿ, ಅದರಾಗಿಂದ ಸೋಸಿ ಹೋಗಿ ರಕ್ತಕ್ಕ ಕೂಡ್ತದ. ನಿಮಗ ನೀರು ಹುಟ್ಟೋದು ಬರೋಬ್ಬರಿ ಅದ. ಹೋಗೋ ಜಾಳಿಗಿ ಬಿಗಿ ಆಗ್ಯಾದ. ನೀರು ತುಂಬಿ ತುಂಬಿ ಹಿಂದಿನ ನರ ಅದುಮ್ಲಾಕತ್ತದ. ಅದಕ್ಕೇ ಎಡಗಡಿ ಅಂಚಿನ ನೋಟ ಹೋಗ್ಯಾದ."

"ಯಾವ ಅಂಚು? ನನಗ ಎಲ್ಲಾ ಕಾಣಸ್ತದ."

"ಕಾಣಲಾರದ್ದು ಕಾಣಲ್ಲಂತ ನಿಮಗ ಹ್ಯಾಂಗ ಗೊತ್ತಾಗಬೇಕು ಚಾಚಾ?"

ತಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನು ಸಾಬರು ತಪ್ಪು ಪ್ರಶ್ನೆಗಳೆಂದು ತಿಳಿಯುತ್ತಾರೆ. ನಾನೂ ಪರೀಕ್ಷೆಗಳಲ್ಲಿ ಹಾಗೆಯೇ ಮಾಡುತ್ತಿದ್ದೆ.

ಡಾಕ್ಟರು ಮುಂದುವರಿಸಿದರು. ಹೋದ ನೋಟ ತಿರುಗಿ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬೇಕು. ಮೊದಲು ಲೇಸರ್ ಮತ್ತು ಔಷಧದ ಹನಿ. ಅದರಿಂದ ಪ್ರೆಶರ್ ಇಳಿಯದಿದ್ದರೆ ಆಪರೇಶನ್. ಆಪರೇಶನ್ ಆದರೆ ಬಹಳ ದಿನ ಬಗ್ಗಬಾರದು, ಭಾರ ಎತ್ತಬಾರದು.

"ಚಾವಿ?" ಎಂದು ಸಾಬರು ಕೇಳಿದರು. ದನಿ ಮೊದಲ ಸಲ ಸಣ್ಣದಾಗಿತ್ತು.

"ಚಾವಿ ಬ್ಯಾರೆಯವರಿಗಿ ಕೊಡಬೇಕಾಗ್ತದ."

ಮರಿಯಮಬೀ ಹೇಳುವಂತೆ ಸಾಬರು ಹೆದರಿದ್ದನ್ನು ಅವಳು ನೋಡಿದ್ದು ಎರಡೇ ಸಲ: ನಿಕಾಹದ ದಿನ, ಮತ್ತು ಆ ದಿನ.

ಲೇಸರ್ ಎಂದರೆ ಬರ್ಮಾ ಹಾಕಿ ತೂತು ಕೊರೆಯುವುದೆಂದು ಸಾಬರು ತಿಳಿದಿದ್ದರು. "ತೂತಲ್ರಿ, ಸುಡೋದೂ ಅಲ್ಲ," ಎಂದರು ಡಾಕ್ಟರು. "ಬೆಳಕಿನಿಂದ ಆ ಜಾಳಿಗಿಗಿ ಸಣ್ಣಗ ತಿವೀತೇವಿ. ಅಲ್ಲಿರೋ ಜೀವಕಣ ಎಚ್ಚರಾಗಿ ತಾವೇ ಕಸ ತಗದು ಜಾಳಿಗಿ ಸಡಿಲ ಮಾಡ್ತಾವ. ನೀರು ಹೋಗಲಾಕ ದಾರಿ ಆಗ್ತದ. ಆದ್ರ ಇವತ್ತ ತಿವಿದ್ರ ಇವತ್ತೇ ಆಗಲ್ಲ, ನಾಲ್ಕಾರು ವಾರ ಹಿಡೀತದ. ಕೆಲವರಿಗಿ ಛಲೋ ಆಗ್ತದ, ಕೆಲವರಿಗಿ ಆಗಲ್ಲ."

"ಅಂದ್ರ ನೀವು ಕೆಲಸಾ ಮಾಡಲ್ಲ. ಮಲಗಿದ ಕೆಲಸದವರನ್ನ ತಿವಿದು ಎಬ್ಬಸ್ತೀರಿ."

"ಹಂಗೇ ಅನಕೋರಿ."

"ಇದು ಬರೋಬ್ಬರಿ," ಎಂದರು ಸಾಬರು. ಅವರೂ ಸರಕಾರಿ ಕೆಲಸ ಕಂಡವರೇ.

ಕಣ್ಣು ಮರಗಟ್ಟಿಸುವ ಹನಿ ಹಾಕಿ, ಗದ್ದವನ್ನು ಯಂತ್ರದ ಮೇಲೆ ಇರಿಸಿ, ಕಣ್ಣಿಗೆ ಒಂದು ಗಾಜು ಹಚ್ಚಿ ಡಾಕ್ಟರು ಕೆಲಸಕ್ಕೆ ಕೂತರು. ಚಿಟ್ ಚಿಟ್ ಎಂದು ಹಸಿರು ಬೆಳಕು ಮಿಂಚಿತು. ಹೊರಗೆ ಮರಿಯಮಬೀ ತಸ್ಬೀಹಿನ ಮಣಿ ಒಂದು ಸುತ್ತು ಎಣಿಸಿ ಮುಗಿಸುವಷ್ಟರಲ್ಲಿ ಸಾಬರು ಎದ್ದು ಬಂದರು. ಮುಖದಲ್ಲಿ ನಿರಾಸೆ. ಒಂದು ಸೋರಿಕೆ ಹುಡುಕಲು ಎರಡು ದಿನ ರಸ್ತೆ ಅಗೆಯುವ ಮನುಷ್ಯನಿಗೆ ಐದು ನಿಮಿಷದ ರಿಪೇರಿಯ ಮೇಲೆ ನಂಬಿಕೆ ಬರುವುದು ಕಷ್ಟ. "ಹೊತ್ತಾರೆ ಒಂದು, ಸಂಜಿಗಿ ಒಂದು ಹನಿ ತಪ್ಪದೇ ಹಾಕ್ರಿ. ನಾನು ಬಿಡ್ರಿ ಅನ್ನೋತನಕ ಬಿಡಬ್ಯಾಡ್ರಿ. ಆರು ವಾರಕ್ಕ ಬರ್ರಿ," ಎಂದು ಡಾಕ್ಟರು ಹೇಳಿದ್ದು ಬಾಗಿಲ ತನಕ ಅವರ ಹಿಂದೆ ಬಂತು. ಬಾಗಿಲಾಚೆ ಬಂದದ್ದು ಅನುಮಾನ.

ನೀರು ಬಿಡುವವರ ಕೆಲಸದಲ್ಲಿ ಒಂದು ಪದ್ಧತಿ ಇದೆ. ಪೈಪು ರಿಪೇರಿಯಾದ ಮೇಲೆ ತುದಿಯ ನಳ ಬಿಚ್ಚಿ ನೋಡಬೇಕು. ಮೊದಲು ಕೆಂಪು ರಾಡಿ ನೀರು ಬರಬೇಕು, ಆಮೇಲೆ ತಿಳಿನೀರು. ಆಗ ದಾರಿ ಬಿಚ್ಚಿಕೊಂಡಿತೆಂದು ಅರ್ಥ. ಸಾಬರು ಮನೆಗೆ ಬಂದು ಗಲ್ಲದ ಮೇಲೆ ಬಿಳಿ ಕರವಸ್ತ್ರ ಹಿಡಿದು ಮೂರು ದಿನ ಕಾದರು. ರಾಡಿ ನೀರಿರಲಿ, ಒಂದು ಹನಿ ತಿಳಿನೀರೂ ಇಳಿಯಲಿಲ್ಲ. ನಾಲ್ಕನೆಯ ದಿನ ತೀರ್ಪು ಬಂತು: ಲೇಸರ್ ಫೇಲು.

ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಅವರ ದೃಷ್ಟಿ ಔಷಧದ ಬಾಟಲಿಯ ಮೇಲೆ ಬಿತ್ತು.

"ಟಾಕಿ ತುಂಬಿ ತುಳಕಲಾಕತ್ತದ. ಹೋಗೋ ದಾರಿ ಬಂದ್ ಅದ. ಅದರ ಮ್ಯಾಲ ದಿನಾ ಎರಡು ಹನಿ ಒಳಗ ಹಾಕ್ರಿ ಅಂತಾರ! ಹೌಲಾ, ಬುದ್ಧಿ ಇಲ್ಲದವ ಸೈತ ಹಂಗ ಮಾಡಲ್ಲ," ಎಂದು ಬಾಟಲಿಯನ್ನು ಅಲಮಾರಿಯ ನೆತ್ತಿಯ ಮೇಲೆ ಇಟ್ಟರು.

ಮರಿಯಮಬೀ ಮೂರು ದಿನ ಜಗಳಾಡಿದಳು. "ಓದಿದಾಕಿ ಆಕಿ, ನೀವು ಓದೀರೇನು?" ಎಂದಳು. "ಕಣ್ಣು ಹೋದ್ರ ಚಾವಿ ಹಿಡಕೊಂಡು ಏನ್ ಮಾಡ್ತೀರಿ, ನಾನು ಅದರ ಮ್ಯಾಲ ಅರಿವಿ ಒಣ ಹಾಕಲೇನು?" ಎಂದಳು. ನಾಲ್ಕನೆಯ ದಿನ ಸುಮ್ಮನಾದಳು. ಮರಿಯಮಬೀ ಸುಮ್ಮನಾದರೆ ಸಾಬರು ತಾವು ಗೆದ್ದೆವೆಂದು ತಿಳಿಯುತ್ತಾರೆ. ಮೂವತ್ತನಾಲ್ಕು ವರ್ಷದಿಂದ ಹಾಗೆಯೇ ತಿಳಿದಿದ್ದಾರೆ.

ಅಂದು ಸಂಜೆ ಅವಳು ಗುಲಾಬಜಲದ ಬಾಟಲಿ ತಂದು ಗಂಡನ ಮುಂದೆ ಹಿಡಿದಳು. "ಔಷಧ ನಕ್ಕೋ, ಬ್ಯಾಡ ಅಂದ್ರ ಬಿಡ್ರಿ. ಇದರಾಗಿಂದ ಒಂದು ಹನಿ ಹಾಕ್ತೇನಿ, ತಂಪಾಗ್ತದ."

"ಇದೂ ನೀರೇ ಅಲ್ಲೇನು?"

"ಇದು ಗುಲಾಬಿ ನೀರು. ಹೂವಿಂದು. ಟಾಕಿ ಲೆಕ್ಕಕ್ಕ ಬರಲ್ಲ."

ಸಾಬರು ತತ್ವದ ಮನುಷ್ಯರಾದರೂ ತಂಪು ಎಂದರೆ ಒಲ್ಲೆನ್ನುವವರಲ್ಲ. ಮಂಚಕ್ಕೆ ಒರಗಿ, ಬಲಗಣ್ಣು ಮುಚ್ಚಿ, ಎಡಗಣ್ಣಿನಿಂದ ಮೇಲಿನ ತಗಡು ನೋಡುತ್ತ ಮಲಗಿದರು. ಮರಿಯಮಬೀ ಎಡಕ್ಕೆ ಕೂತು ಹನಿ ಹಾಕಿದಳು. ಬೆಳಿಗ್ಗೆ ನೀರು ಬಿಟ್ಟು ಬಂದ ಮೇಲೆ ಒಂದು, ಸಂಜೆ ಒಂದು, ಇದೇ ರೂಢಿಯಾಯಿತು.

"ಗಂಟಲಾಗ ಕಹಿ ಬರ್ತದಲ್ಲ ಇದು," ಎಂದರು ಒಂದು ದಿನ.

"ಗುಲಾಬಿ ಕಹೀನೇ ಇರ್ತದ. ನೀವು ಎಂದಾರ ತಿಂದು ನೋಡೀರೇನು?"

ತಿಂದಿರಲಿಲ್ಲವಾದ್ದರಿಂದ ಸಾಬರು ಒಪ್ಪಿಕೊಂಡರು.

ಆರು ವಾರ ಕಳೆದು ಮತ್ತೆ ಬೀದರ. ಡಾಕ್ಟರು ಯಂತ್ರದಲ್ಲಿ ನೋಡಿದರು, ನಕ್ಕರು, ಇನ್ನೊಮ್ಮೆ ನೋಡಿದರು. "ಹದಿನೇಳು ಆಗ್ಯಾದ ಚಾಚಾ! ಬೆಸ್ಟ್! ಹನಿ ತಪ್ಪಸಿಲ್ಲಲ್ಲ?"

ಸಾಬರು ಈ ಪ್ರಶ್ನೆಗಾಗಿಯೇ ಆರು ವಾರ ಕಾದಿದ್ದರು. ಕುರ್ಚಿಯಲ್ಲಿ ನೆಟ್ಟಗಾದರು. "ಮೊದಲ ಮೂರು ದಿನ ಬಿಟ್ರ ಒಂದು ಹನಿ ಹಾಕಿಲ್ಲ. ನಾಲ್ಕನೇ ದಿನಾನೇ ಬಂದ್ ಮಾಡೀನಿ. ನಿಮ್ಮ ಲೇಸರೂ ಫೇಲಾಗಿತ್ತು, ಹೇಳಿದ್ರ ಬ್ಯಾಸರ ಮಾಡಕೋತೀರಿ ಅಂತ ಸುಮ್ಮನಿದ್ದೆ. ಪ್ರೆಶರ್ ತಾನೇ ಇಳದದ. ಒಮ್ಮೊಮ್ಮೆ ಪೈಪಿನಾಗೂ ಹಂಗ ಆಗ್ತದ."

ಡಾಕ್ಟರರ ನಗು ನಿಂತಿತು. ಪೆನ್ನು ಕೈಗೆ ತೆಗೆದುಕೊಂಡರು. "ಹನಿ ಇಲ್ಲದೇ ಹದಿನೇಳು ಇದ್ರ ಲೇಸರ್ ಒಂದರಿಂದಲೇ ಛಲೋ ಇಳದದ ಅಂತ ಆತು. ಹಂಗಾದ್ರ ಔಷಧ ಬೇಕೇ ಇಲ್ಲ. ಬಂದ್ ಅಂತ ಬರೀತೇನಿ," ಎಂದು ಪೆನ್ನು ಕಾಗದಕ್ಕೆ ಇಳಿಸಿದರು.

ಮರಿಯಮಬೀಗೆ ಇತ್ತ ಬಾವಿ, ಅತ್ತ ಕೆರೆ ಎಂಬಂತಾಯಿತು. ಬಾಯಿಬಿಟ್ಟರೆ ಪರರೆದುರು ಗಂಡನ ಮಾನ ಹೋಗುತ್ತದೆ, ಸುಮ್ಮನಿದ್ದರೆ ಕಣ್ಣು ಹೋಗುತ್ತದೆ. ಮಾನವಾದರೆ ಭಾಲ್ಕಿಯಲ್ಲಿ ಮತ್ತೆ ಬೆಳೆಯುತ್ತದೆ ಎಂದುಕೊಂಡು ಕೈಚೀಲದಿಂದ ಎರಡು ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಒಂದು ಪೂರ್ತಿ ಖಾಲಿ, ಇನ್ನೊಂದರಲ್ಲಿ ತಳದಲ್ಲಿ ಸ್ವಲ್ಪ. ಎರಡನೆಯದನ್ನು ಜೇಬಾ ಔರಾದಿನಿಂದ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸಿದ್ದಳಂತೆ.

"ಬರೀಬ್ಯಾಡ್ರಿ ಡಾಕ್ಟರ್ ಬಾಯಿ. ನಡುವ ಮೂರು ದಿನ ತಪ್ಪ್ಯಾದ, ಉಳಿದದ್ದೆಲ್ಲಾ ನಾನು ಹಾಕೀನಿ. ಎರಡೂ ಹೊತ್ತು."

"ಸುಳ್ಳ!" ಎಂದರು ಸಾಬರು. "ಆಕಿ ಹಾಕಿದ್ದು ಗುಲಾಬಜಲ. ಬಾಟ್ಲಿ ನಾನೇ ನೋಡೀನಿ, ನನ್ನ ಮೂಗಿನ ಮುಂದ ಹಿಡಿದಿದ್ಲು."

"ಮುಂದ ಹಿಡಿದಿದ್ದು ಅದೇ. ಹಾಕಿದ್ದು ಇದು. ಎಡಕಿಂದ."

"ಎಡಕಿಂದ ಬಂದ್ರ ನನಗ ಕಾಣಸ್ತಿದ್ದಿಲ್ಲೇನು?"

ಮರಿಯಮಬೀ ಎದ್ದು ಅವರ ಎಡಕ್ಕೆ ಬಂದು ನಿಂತಳು. "ಸೀದಾ ಡಾಕ್ಟರ್ ಬಾಯಿ ಮುಖಾನೇ ನೋಡ್ರಿ. ಬಾಟ್ಲಿ ಕಂಡಕೂಡ್ಲೇ ಹೇಳ್ರಿ," ಎಂದು ಬಾಟಲಿಯನ್ನು ಕಿವಿಯ ಪಕ್ಕದಿಂದ ಮೆಲ್ಲಗೆ ಮುಂದೆ ತಂದಳು. ಕಿವಿ ದಾಟಿತು, ಕಪಾಳ ದಾಟಿತು. ಸಾಬರು ಡಾಕ್ಟರರ ಮುಖವನ್ನೇ ನೋಡುತ್ತ, "ಎಲ್ಲಿ ತರ್ತೀ ತಾ, ಎಷ್ಟೊತ್ತು ಮಾಡ್ತೀ?" ಎಂದು ಗದರಿಸುತ್ತಿದ್ದರು. ಆಗ ಬಾಟಲಿ ಅವರ ರೆಪ್ಪೆಯಿಂದ ನಾಲ್ಕು ಬೆರಳು ದೂರದಲ್ಲಿತ್ತು. ಇನ್ನೂ ಒಂದಿಷ್ಟು ಸರಿದ ಮೇಲೆ, ಆಕಾಶದಿಂದ ಉದುರಿದಂತೆ, ಒಮ್ಮೆಲೇ ಕಂಡಿತು. ಸಾಬರು ಬೆಚ್ಚಿ ತಲೆ ಹಿಂದಕ್ಕೆ ತೆಗೆದರು.

ಆಮೇಲೆ ಪೂರ್ತಿ ಎಡಕ್ಕೆ ತಿರುಗಿ ನೋಡಿದರು. ಅಲ್ಲಿ ಹೆಂಡತಿ ನಿಂತಿದ್ದಳು.

"ಐದು ವಾರ," ಎಂದರು. "ದಿನಕ್ಕ ಎರಡು ಸಲ ಇಲ್ಲಿಂದ ಬರ್ತಿತ್ತೇನು ಇದು?"

"ಹೌಂದು."

"ದಾನಮ್ಮನ ಕಪ್ಪೂ ಇಲ್ಲಿಂದೇ ಬಂದಿತ್ತು," ಎಂದರು ಸಾಬರು, ತಮಗೇ ಹೇಳಿಕೊಂಡಂತೆ.

ಡಾಕ್ಟರು ಬರೆಯುತ್ತಿದ್ದುದನ್ನು ಹೊಡೆದುಹಾಕಿ ಹೊಸ ಚೀಟಿ ತೆಗೆದರು. "ಚಾಚಾ, ಈ ಹನಿ ಒಳಗ ನೀರು ತುಂಬಲಾಕಲ್ಲ. ಒಳಗ ನೀರು ಹುಟ್ಟೋದನ್ನ ಕಡಿಮಿ ಮಾಡ್ತದ. ಅದು ಮ್ಯಾಲಿನ ವಾಲ್. ಲೇಸರ್ ಮಾಡಿದ್ದು ಕೆಳಗಿನ ವಾಲಿಗಿ. ನೀರು ಹೊರಗ ಬಂದು ಗಲ್ಲದ ಮ್ಯಾಲ ಹರಿಯಲ್ಲ, ರಕ್ತದಾಗೇ ಕೂಡಿ ಹೋಗ್ತದ. ಅದಕ್ಕೇ ನಿಮಗ ತಿಳದಿಲ್ಲ."

ಸಾಬರು ತಲೆದೂಗಿದರು. ಮ್ಯಾಲಿನ ವಾಲ್, ಕೆಳಗಿನ ವಾಲ್ ಎಂದು ಮೊದಲೇ ಹೇಳಿದ್ದರೆ ಈ ಪಂಚಾಯಿತಿಯೇ ಇರುತ್ತಿರಲಿಲ್ಲ ಎಂಬ ಭಾವ ಮುಖದಲ್ಲಿತ್ತು. "ಎರಡರಾಗ ಕೆಲಸಾ ಮಾಡಿದ್ದು ಯಾವುದು?"

"ಎರಡೂ ಇರಬಹುದು. ಈಗ ಹಿಂಗೇ ನಡೀಲಿ, ಮೂರು ತಿಂಗಳಿಗಿ ನೋಡೂನು. ಸದ್ಯ ಆಪರೇಶನ್ ಮಾತು ಇಲ್ಲ."

"ಚಾವಿ?"

"ಚಾವಿ ನಿಮ್ಮ ಹಂತೇಕೇ ಇರಲಿ. ಎಡಹೆಗಲ ಮ್ಯಾಲ ಹೊರಬ್ಯಾಡ್ರಿ, ಕುತ್ತಿಗಿ ತಿರುಗಲಾಕ ಜಾಗಾ ಬೇಕು. ಮತ್ತ ಚಾಚಿಗಿ ಒಂದು ಸಲಾಮ್ ಹೊಡೀರಿ."

ಭಾಲ್ಕಿಗೆ ಹೊರಟ ಬಸ್ಸಿನಲ್ಲಿ ಕೂರುವಾಗ ಸಾಬರು ತಾವಾಗಿ ಕಿಟಕಿ ಬಿಟ್ಟು ಸರಿದು, ಅವಳನ್ನು ಬಲಕ್ಕೆ ಕೂರಿಸಿಕೊಂಡರಂತೆ. "ಇಲ್ಲಿ ಕುಂದ್ರು, ಏನ್ ಮಾಡ್ತೀ ಕಾಣಸ್ಲಿ," ಎಂದರಂತೆ. ಮರಿಯಮಬೀ ಇದನ್ನು ಹೇಳುವಾಗ ಸೆರಗು ಬಾಯಿಗೆ ಹಚ್ಚಿ ನಕ್ಕಳು.

ಹನಿ ಈಗಲೂ ಅವಳೇ ಹಾಕುತ್ತಾಳೆ. ಸಾಬರು ಅದನ್ನು ಈಗಲೂ ಗುಲಾಬಜಲ ಎಂದೇ ಕರೆಯುತ್ತಾರೆ.

ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಪೇಪರು ಹಿಡಿದು ಕೂತಿದ್ದೆ. ಹೆಜ್ಜೆಯ ಸಪ್ಪಳ ಬಂತು, ಬಂದು ಎದುರಿಗೆ ನಿಂತಿತು. ಪೇಪರು ಇಳಿಸಿದೆ. ಕರೀಮ ಸಾಬರು ಚಾವಿಯನ್ನು ಬಲಹೆಗಲಿಗೆ ಬದಲಿಸಿ, ಬರೀ ಕುತ್ತಿಗೆಯಲ್ಲ, ಇಡೀ ಎದೆಯನ್ನೇ ನಮ್ಮ ಸಾಲಿನ ಕಡೆ ತಿರುಗಿಸಿ ನಿಂತಿದ್ದರು.

"ಸಲಾಮ್ರಿ ಮಾಸ್ತರ್. ಬಹಳ ದಿನ ಆತು, ಊರಾಗ ಇದ್ದಿಲ್ಲೇನು?"

ಎರಡು ತಿಂಗಳು ಅವಮಾನಿಸಿದವನು ಏನು ಹೇಳಬೇಕು? "ಇದ್ದೆರಿ, ಇಲ್ಲೇ ಇದ್ದೆ," ಎಂದೆ.

ಅವರು ಮುಂದೆ ದಾನಮ್ಮನ ಕಟ್ಟೆಯೆದುರು ನಿಂತರು. "ಅವ್ವಾರ, ಒಂದು ಕಪ್ ಚಹಾ ಕೊಡ್ತೀರೇನು?"

"ಯಾಕ್ರಿ ಸಾಬ್, ಚರಂಡಿಗಿ ನೀರಡಿಕಿ ಆಗ್ಯಾದೇನು?" ಎಂದಳು ದಾನಮ್ಮ.

"ಎಡಗಡಿ ವಾಲ್ ಬಂದ್ ಆಗಿತ್ತರಿ ತಾಯಿ. ನನಗೇ ಗೊತ್ತಿದ್ದಿಲ್ಲ," ಎಂದು ಸಾಬರು ಕಣ್ಣು ತೋರಿಸಿ, ಬೀದರದ ಕಥೆಯನ್ನು ಜಾಳಿಗೆಯಿಂದ ಗುಲಾಬಜಲದವರೆಗೆ ಹೇಳತೊಡಗಿದರು. ದಾನಮ್ಮ ಕೇಳುತ್ತ ಕೇಳುತ್ತ ಒಳಗೆ ಹೋಗಿ ಚಹಾ ತಂದಳು, ಸುತ್ತುಹಾಕಿ ಬಂದು ಬಲಗೈಗೇ ಕೊಟ್ಟಳು. ಆ ದಿನ ನಮಗೆ ನೀರು ಮುಕ್ಕಾಲು ತಾಸು ತಡವಾಗಿ ಬಂತು. ನಮ್ಮ ಸಾಲಿನಲ್ಲಿ ಯಾರೂ ಗೊಣಗಲಿಲ್ಲ.

ಅಂದಿನಿಂದ ಸಾಬರು ಗಲ್ಲಿಯುದ್ದಕ್ಕೂ ನಮ್ಮ ಕಡೆಗೇ ತಿರುಗಿಕೊಂಡು ಒಂದೊಂದು ಮನೆಗೂ ಸಲಾಮು ಹೇಳುತ್ತ ಬರುತ್ತಾರೆ. ಎಡಗಡೆಯದು ಒಂದೂ ತಪ್ಪಬಾರದೆಂಬ ಎಚ್ಚರಿಕೆಯಲ್ಲಿ ಬಲಗಡೆ ನೋಡಲು ಅವರಿಗೆ ಪುರಸೊತ್ತು ಸಿಗುವುದಿಲ್ಲ. ಎದುರು ಸಾಲಿನಲ್ಲಿ ಈ ವಾರ ಇಬ್ಬರು ಹೊಸದಾಗಿ ಪೇಪರು ತರಿಸಲು ಶುರು ಮಾಡಿದ್ದಾರೆ.